ಚಾವುಂಡರಾಯನ ಬಿರುದುಗಳೂ ನಮ್ಮ ಖಾತೆ ಪುಸ್ತಕಗಳೂ

ಕಳೆದ ವರ್ಷ ದಶಲಕ್ಷಣ ಪರ್ವದ ಸಂದರ್ಭದಲ್ಲಿ ಮಲೆನಾಡಿನ ಒಂದು ಬಸದಿಯ ಧರ್ಮದರ್ಶಿಗಳ ಸಭೆಗೆ ಹೋಗುವ ಪ್ರಸಂಗ ನನಗೆ ಒದಗಿತು. ಪಾಠಶಾಲೆಯ ಮಕ್ಕಳಿಗಾಗಿ ಚಾವುಂಡರಾಯನನ್ನು ಕುರಿತು ಒಂದು ಕಿರುಹೊತ್ತಗೆಯನ್ನು ಅಚ್ಚು ಹಾಕಿಸುವ ವಿಚಾರ ಅಲ್ಲಿ ಚರ್ಚೆಗೆ ಬಂದಿತ್ತು. ಕರಡನ್ನು ಓದಿ ನೋಡಿದ ಹಿರಿಯ ಸದಸ್ಯರೊಬ್ಬರು, 'ಸಮರಪರಶುರಾಮ', 'ವೈರಿಕುಲಕಾಲದಂಡ', 'ರಣರಂಗಸಿಂಗ' ಮೊದಲಾದ ಬಿರುದುಗಳನ್ನೆಲ್ಲ ತೆಗೆದುಹಾಕಿ 'ಸಮ್ಯಕ್ತ್ವರತ್ನಾಕರ', 'ಸತ್ಯಯುಧಿಷ್ಠಿರ' ಎಂಬಂಥವುಗಳನ್ನು ಮಾತ್ರ ಉಳಿಸಬೇಕೆಂದು ಸೂಚಿಸಿದರು. ಅಹಿಂಸಾಧರ್ಮದ ಪುಸ್ತಕದಲ್ಲಿ ಕೊಲ್ಲುವ ಮಾತು ಏತಕ್ಕೆ ಎಂಬುದು ಅವರ ವಾದ. ಕಾಲೇಜಿನಲ್ಲಿ ಓದುತ್ತಿರುವ ತರುಣನೊಬ್ಬ ಒಡನೆಯೇ ಎದ್ದುನಿಂತು, "ಹಾಗಾದರೆ ಆ ಮನುಷ್ಯನನ್ನೇ ಬಿಟ್ಟುಬಿಡಿ. ಯುದ್ಧದಲ್ಲಿ ಗಳಿಸಿದ ಹಣದಿಂದ ನಿಲ್ಲಿಸಿದ ಮೂರ್ತಿಗೆ ಅಹಿಂಸೆಯ ಹೆಸರು ಹೇಳುವುದು ಬೂಟಾಟಿಕೆ" ಎಂದನು. ಸಭೆಯು ತರುಣನನ್ನು ಗದರಿಸಿ ಕೂರಿಸಿತು. ಬಿರುದುಗಳನ್ನು ತೆಗೆದು ಅಚ್ಚಿಗೆ ಕಳುಹಿಸಬೇಕೆಂದು ನಿರ್ಣಯವಾಯಿತು. ಅಂದು ನಾನು ಸುಮ್ಮನೆ ಕುಳಿತಿದ್ದೆ. ಸುಮ್ಮನಿದ್ದದ್ದು ತಪ್ಪೆಂದು ಅನ್ನಿಸಿದ ಕಾರಣ ಇದನ್ನು ಬರೆಯುತ್ತಿದ್ದೇನೆ.

ಹಿರಿಯರು ಹೇಳಿದ್ದೂ ತರುಣನು ಹೇಳಿದ್ದೂ ಮೇಲ್ನೋಟಕ್ಕೆ ಎದುರುಬದುರಾದ ಮಾತುಗಳು. ವಾಸ್ತವದಲ್ಲಿ ಅವೆರಡರ ಬುಡ ಒಂದೇ. ಮಹಾಪುರುಷನಾದವನು ಪೂರ್ತಿಯಾಗಿ ಶುದ್ಧನಾಗಿರಬೇಕು, ಇಲ್ಲವಾದರೆ ಅವನು ಮಹಾಪುರುಷನೇ ಅಲ್ಲ ಎಂಬುದೇ ಆ ಬುಡ. ಒಬ್ಬರು ಕಲೆಯನ್ನು ಒರೆಸಿ ಬಟ್ಟೆಯನ್ನು ಉಳಿಸಿಕೊಳ್ಳಹೋದರು. ಇನ್ನೊಬ್ಬನು ಕಲೆಯನ್ನು ಕಂಡು ಬಟ್ಟೆಯನ್ನೇ ಎಸೆಯಹೋದನು. ಇವೆರಡೂ ನಮ್ಮ ಶಾಸ್ತ್ರಕ್ಕೂ ನಮ್ಮ ಇತಿಹಾಸಕ್ಕೂ ಸಲ್ಲದ ಮಾರ್ಗಗಳೆಂಬುದು ನನ್ನ ಖಚಿತವಾದ ಅಭಿಪ್ರಾಯ.

ಮೊದಲು ಸಂಗತಿಗಳನ್ನು ನೋಡೋಣ. ಚಾವುಂಡರಾಯನು ಗಂಗರಸರಾದ ಮಾರಸಿಂಹ ಮತ್ತು ರಾಚಮಲ್ಲರಲ್ಲಿ ಮಂತ್ರಿಯೂ ದಂಡನಾಯಕನೂ ಆಗಿದ್ದವನು. ಕ್ರಿ.ಶ. 978ರಲ್ಲಿ ಅರವತ್ತಮೂರು ಶಲಾಕಾಪುರುಷರ ಚರಿತ್ರೆಯನ್ನು ಕನ್ನಡ ಗದ್ಯದಲ್ಲಿ ಬರೆದನು, ಸಂಸ್ಕೃತದಲ್ಲಿ 'ಚಾರಿತ್ರಸಾರ'ವನ್ನು ರಚಿಸಿದನು, ರನ್ನನಿಗೆ ಆಶ್ರಯವಿತ್ತನು. ಆಚಾರ್ಯ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಅವನ ನಿಮಿತ್ತವಾಗಿಯೇ 'ಗೊಮ್ಮಟಸಾರ'ವನ್ನು ರಚಿಸಿದರೆಂದು ಪರಂಪರೆ ಹೇಳುತ್ತದೆ. 981-983ರ ಸುಮಾರಿಗೆ ದೊಡ್ಡಬೆಟ್ಟದ ಮೇಲೆ ಸುಮಾರು 58 ಅಡಿ ಎತ್ತರದ ಬಾಹುಬಲಿಯನ್ನು ನಿಲ್ಲಿಸಿದನು. ಇವು ಅವನ ಜಮಾ ಬದಿ.

ಇನ್ನೊಂದು ಬದಿಯೂ ಉಂಟು, ಮತ್ತು ಅದನ್ನು ಯಾವ ಶತ್ರುವೂ ಬರೆದಿಟ್ಟದ್ದಲ್ಲ. ವಜ್ವಲದೇವನನ್ನು ಸೋಲಿಸಿದ್ದಕ್ಕೆ 'ಸಮರಧುರಂಧರ', ಗೋನೂರಿನ ಬಯಲಿನಲ್ಲಿ ನೊಳಂಬರೊಡನೆ ಕಾದಿದ್ದಕ್ಕೆ 'ವೀರಮಾರ್ತಾಂಡ', ಉಚ್ಚಂಗಿಯ ಕೋಟೆಯಲ್ಲಿ ರಾಜಾದಿತ್ಯನೊಡನೆ ಹೋರಾಡಿದ್ದಕ್ಕೆ 'ರಣರಂಗಸಿಂಗ' ಎಂದು ಒಂದೊಂದು ಬಿರುದಿಗೂ ಒಂದೊಂದು ರಣರಂಗದ ಲೆಕ್ಕವಿದೆ. 'ಸಮರಪರಶುರಾಮ' ಎಂಬ ಬಿರುದು ಬಂದದ್ದು ತನ್ನ ತಮ್ಮ ನಾಗವರ್ಮನನ್ನು ಕೊಂದ ಮುದುರಾಚಯ್ಯನನ್ನು ತಾನು ಕೊಂದದ್ದಕ್ಕಾಗಿ. ಈ ಬಿರುದುಗಳನ್ನು ಅವನು ಮರೆಮಾಚಲಿಲ್ಲ. ಜಿನಚರಿತೆಯನ್ನು ಬರೆದ ಪುಸ್ತಕದಲ್ಲಿಯೇ ಅವುಗಳಿಗೂ ಜಾಗ ಕೊಟ್ಟನು.

ಇದಕ್ಕೆ ನಮ್ಮವರಲ್ಲಿ ಒಂದು ಸಿದ್ಧ ಉತ್ತರವಿದೆ. ಹಿಂಸೆ ನಾಲ್ಕು ಬಗೆ: ಸಂಕಲ್ಪೀ, ಆರಂಭೀ, ಉದ್ಯಮೀ, ವಿರೋಧೀ. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಬಿಡಲೇಬೇಕು; ಉಳಿದವನ್ನು ಶಕ್ತ್ಯನುಸಾರ ಕಡಮೆ ಮಾಡಬೇಕು. ಸೈನಿಕನದು ವಿರೋಧೀ ಹಿಂಸೆ, ಆದುದರಿಂದ ಚಾವುಂಡರಾಯನು ನಿರ್ದೋಷಿ ಎನ್ನುತ್ತಾರೆ. ಈ ವಿಭಾಗವು ಯೋಗ್ಯವಾದುದೇ. ನಾಡನ್ನು ಕಾಯುವವನೂ ಕಳ್ಳನನ್ನು ತಡೆಯುವವನೂ ಶ್ರಾವಕನಾಗಿರಬಹುದೆಂಬ ಅವಕಾಶ ಅದರಿಂದಲೇ ದೊರೆತದ್ದು. ಆದರೆ ತಮ್ಮನ ಸಾವಿಗೆ ತೀರಿಸಿಕೊಂಡ ಸೇಡು ವಿರೋಧೀ ಹಿಂಸೆಯಾಗುವುದು ಹೇಗೆ? ಕೊಲ್ಲಬೇಕೆಂದು ನಿಶ್ಚಯಿಸಿ ಕೊಂದದ್ದನ್ನು ಸಂಕಲ್ಪವೆನ್ನದೆ ಇನ್ನೇನೆನ್ನಬೇಕು? ಶಾಸ್ತ್ರದ ವಿಭಾಗವಿರುವುದು ನಮ್ಮ ಆತ್ಮಪರೀಕ್ಷೆಗಾಗಿ. ನಮಗೆ ಪ್ರಿಯರಾದವರನ್ನು ಬಿಡುಗಡೆ ಮಾಡಿಸುವ ವಕೀಲಿಕೆಗಾಗಿ ಅಲ್ಲ.

ನಮ್ಮ ಹಿರಿಯರು ಈ ವಕೀಲಿಕೆಯನ್ನು ಮಾಡಲಿಲ್ಲವೆಂಬುದಕ್ಕೆ ಬೆಟ್ಟದ ಮೇಲೆಯೇ ಸಾಕ್ಷಿಯಿದೆ. ಗುಳ್ಳಕಾಯಜ್ಜಿಯ ಕಥೆಯನ್ನು ತಿಳಿಯದ ಜೈನ ಮಗುವಿಲ್ಲ. ಕೊಡಗಟ್ಟಲೆ ಹಾಲು ಸುರಿಸಿದರೂ ದಂಡನಾಯಕನ ಅಭಿಷೇಕ ಸ್ವಾಮಿಯ ಪಾದವನ್ನು ಮುಟ್ಟಲಿಲ್ಲ. ಬಡ ಮುದುಕಿಯೊಬ್ಬಳು ಗುಳ್ಳಕಾಯಿಯಲ್ಲಿ ತಂದ ಹಾಲು ಮುಟ್ಟಿತು. ಮೂರ್ತಿಯನ್ನು ಮಾಡಿಸಿದವನ ಅಹಂಕಾರವನ್ನು ಮೂರ್ತಿಯೇ ಒಪ್ಪಲಿಲ್ಲವೆಂಬ ಕಥೆಯನ್ನು ಕಟ್ಟಿದವರು ಯಾರು? ನಾವೇ. ಸ್ವಾಮಿಯ ಎದುರಿಗೆ ಆ ಅಜ್ಜಿಯ ಶಿಲ್ಪವನ್ನು ನಿಲ್ಲಿಸಿ, ಶತಮಾನಗಳ ಕಾಲ ಯಾತ್ರಿಕರಿಗೆ ಆ ಕಥೆಯನ್ನು ಹೇಳುತ್ತ ಬಂದವರು ಯಾರು? ನಾವೇ. ದಾನಿಯನ್ನು ಕೊಂಡಾಡುತ್ತಲೇ ದಾನಿಯ ದೋಷವನ್ನು ಹೇಳುವ ಧೈರ್ಯ ಆ ಕಾಲದ ಸಮಾಜಕ್ಕಿತ್ತು. ಅಮೃತಶಿಲೆಯ ಫಲಕದ ಮೇಲೆ ಹೆಸರು ಕೆತ್ತಿಸಿಕೊಂಡವರ ಬಗೆಗೆ ಇಂದು ಅಂತಹ ಒಂದು ಮಾತು ಆಡಿದರೆ ಮುಂದಿನ ಸಭೆಗೆ ಕರೆ ಬರುವುದಿಲ್ಲ.

ಅಳಿಸುವವರ ಕೆಲಸ ಹೇಗೆ ಮುಗಿಯುತ್ತದೆ ಎಂಬುದಕ್ಕೂ ಆ ಬೆಟ್ಟವೇ ಪಾಠ. ತ್ಯಾಗದ ಬ್ರಹ್ಮದೇವರ ಕಂಬದ ಮೇಲೆ ಚಾವುಂಡರಾಯನ ಶಾಸನವೊಂದಿತ್ತು. ಇಂದು ಅದರ ಒಂದು ಮುಖ ಮಾತ್ರ ಉಳಿದಿದೆ. ಸುಮಾರು 1200ರ ಹೊತ್ತಿಗೆ ಹೆಗ್ಗಡೆ ಕಣ್ಣನೆಂಬವನು ತಾನು ಯಕ್ಷನನ್ನು ಮಾಡಿಸಿದ ಸಂಗತಿಯನ್ನು ಎರಡೂವರೆ ಸಾಲುಗಳಲ್ಲಿ ಬರೆಸುವುದಕ್ಕಾಗಿ ಉಳಿದ ಮೂರು ಮುಖಗಳ ಬರಹವನ್ನು ಅಳಿಸಿಹಾಕಿಸಿದನೆಂದು ಶಾಸನತಜ್ಞರು ಹೇಳುತ್ತಾರೆ. ಉಳಿದ ಮುಖದಲ್ಲಿರುವುದು ವಂಶದ ಹೊಗಳಿಕೆ ಮತ್ತು ಯುದ್ಧಗಳ ವರ್ಣನೆ. ಮೂರ್ತಿಯನ್ನು ಕುರಿತ ವಿವರಗಳೇನಾದರೂ ಇದ್ದಿದ್ದರೆ ಅವು ಅಳಿದ ಭಾಗದಲ್ಲಿಯೇ ಹೋದವು. ಹೆಗ್ಗಡೆ ಕಣ್ಣನಲ್ಲಿ ದ್ವೇಷವಿತ್ತೆಂದು ತೋರುವುದಿಲ್ಲ. ಅವನೂ ಭಕ್ತನೇ, ಅವನೂ ದಾನಿಯೇ. ತನ್ನ ಕಾಲಕ್ಕೆ ಬೇಕಾದುದನ್ನು ಬರೆಸುವ ಉತ್ಸಾಹದಲ್ಲಿ ಮುಂದಿನವರಿಗೆ ಸೇರಬೇಕಾದುದನ್ನು ನುಂಗಿದನು. ನಮ್ಮ ಕಿರುಹೊತ್ತಗೆಯ ನಿರ್ಣಯವೂ ಅದೇ ಜಾತಿಯದು.

ಈ ತೊಡಕು ನಮ್ಮೊಬ್ಬರದೇ ಅಲ್ಲ. ಅಮೆರಿಕ ದೇಶದ ಮೂರನೆಯ ಅಧ್ಯಕ್ಷನಾದ ಥಾಮಸ್ ಜೆಫರ್ಸನ್ನನ ವಿಷಯವನ್ನು ನಮ್ಮ ಓದುಗರು ಅವಶ್ಯವಾಗಿ ತಿಳಿಯಬೇಕು. ಏಕೆಂದರೆ ಅವನ ಬಾಳು ವ್ಯಾಪಾರಿಯಾದ ನನಗೆ ಒಂದು ಖಾತೆ ಪುಸ್ತಕದ ಹಾಗೆ ಕಾಣುತ್ತದೆ. 1743ರಲ್ಲಿ ಹುಟ್ಟಿದ ಈತನು 1776ರಲ್ಲಿ ತನ್ನ ದೇಶದ ಸ್ವಾತಂತ್ರ್ಯ ಘೋಷಣೆಯನ್ನು ಬರೆದು ಮಾನವರೆಲ್ಲರೂ ಹುಟ್ಟಿನಿಂದ ಸಮಾನರೆಂದು ಸಾರಿದನು. ಅದೇ ಮನುಷ್ಯನು ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಮಂದಿ ಗುಲಾಮರಿಗೆ ಒಡೆಯನಾಗಿದ್ದನು. ಘೋಷಣೆಯ ಕರಡಿನಲ್ಲಿ ಗುಲಾಮರ ವ್ಯಾಪಾರವನ್ನು ಖಂಡಿಸಿ ಬರೆದಿದ್ದನು. ಉಳಿದ ಪ್ರತಿನಿಧಿಗಳು ಆ ಭಾಗವನ್ನು ಹೊಡೆದುಹಾಕಿದರು. ಅಧ್ಯಕ್ಷನಾಗಿ ಹೊರದೇಶಗಳಿಂದ ಗುಲಾಮರನ್ನು ತರುವುದನ್ನು 1808ರಿಂದ ನಿಷೇಧಿಸುವ ಕಾನೂನಿಗೆ ಸಹಿ ಹಾಕಿದನು. ಆದರೂ ತನ್ನ ಒಡೆತನದಲ್ಲಿದ್ದವರ ಪೈಕಿ ಬದುಕಿರುವಾಗ ಇಬ್ಬರನ್ನೂ ಉಯಿಲಿನ ಮೂಲಕ ಐವರನ್ನೂ ಮಾತ್ರ ಬಿಡುಗಡೆ ಮಾಡಿದನು. ಸ್ಯಾಲಿ ಹೆಮಿಂಗ್ಸ್ ಎಂಬ ಗುಲಾಮ ಹೆಂಗಸಿನಲ್ಲಿ ಅವನಿಗೆ ಮಕ್ಕಳಾದರೆಂಬ ಮಾತು ಅವನ ಕಾಲದಲ್ಲಿಯೇ ಇತ್ತು. 1998ರ ವಂಶವಾಹಿ ಪರೀಕ್ಷೆಯ ನಂತರ, ಅವನ ಮನೆ ಮಾಂಟಿಚೆಲೊವನ್ನು ನೋಡಿಕೊಳ್ಳುತ್ತಿರುವ ಸಂಸ್ಥೆಯೇ 2000ದಲ್ಲಿ ಅದು ಬಹುತೇಕ ನಿಜವೆಂದು ಒಪ್ಪಿತು. ಆ ಮಕ್ಕಳೂ ಅಲ್ಲಿಯ ಕಾನೂನಿನ ಪ್ರಕಾರ ತಂದೆಯ ಗುಲಾಮರಾಗಿಯೇ ಹುಟ್ಟಿದರು.

ನನ್ನನ್ನು ಹೆಚ್ಚಾಗಿ ಕಾಡುವುದು ಅವನ ಲೆಕ್ಕಪತ್ರ. ಜೆಫರ್ಸನ್ ಲೆಕ್ಕ ಬರೆಯುವುದರಲ್ಲಿ ಬಹು ಶಿಸ್ತಿನವನು. ತೋಟದ ಪುಸ್ತಕವೊಂದರಲ್ಲಿ ಗುಲಾಮರ ಹೆಸರು, ಹುಟ್ಟಿದ ವರ್ಷ, ಕೊಟ್ಟ ಬಟ್ಟೆ, ಕಂಬಳಿ, ಧಾನ್ಯ ಎಲ್ಲವನ್ನೂ ತನ್ನ ಕೈಯಿಂದಲೇ ಬರೆದಿಟ್ಟನು. ಇಷ್ಟೆಲ್ಲ ಲೆಕ್ಕ ಬರೆದವನು ಮೈತುಂಬ ಸಾಲ ಮಾಡಿ, 1826ರ ಜುಲೈ 4ರಂದು, ಘೋಷಣೆಗೆ ಸರಿಯಾಗಿ ಐವತ್ತು ವರ್ಷ ತುಂಬಿದ ದಿನ ಸತ್ತನು. ಸಾಲ ಒಂದು ಲಕ್ಷ ಡಾಲರಿಗೂ ಮೀರಿತ್ತು. ಅದನ್ನು ತೀರಿಸುವುದಕ್ಕಾಗಿ 1827ರ ಜನವರಿಯಲ್ಲಿ ಮಾಂಟಿಚೆಲೊದ 130 ಜನರನ್ನು ಹರಾಜಿಗೆ ನಿಲ್ಲಿಸಿದರು. ಒಡೆಯನ ವಿಲಾಸದ ಬಾಕಿಯನ್ನು ತೆತ್ತವರು ಆ ಸಾಲದಲ್ಲಿ ಒಂದು ಕಾಸನ್ನೂ ಪಡೆಯದವರು. ಅವನ ಸಮಾಧಿಯ ಕಲ್ಲಿನ ಮೇಲೆ ಅವನೇ ಆರಿಸಿಕೊಟ್ಟ ಮೂರು ಸಾಧನೆಗಳಿವೆ: ಘೋಷಣೆ, ವರ್ಜೀನಿಯದ ಧಾರ್ಮಿಕ ಸ್ವಾತಂತ್ರ್ಯದ ಶಾಸನ, ಅಲ್ಲಿಯ ವಿಶ್ವವಿದ್ಯಾಲಯ. ತೋಟದ ಪುಸ್ತಕದ ಸುದ್ದಿ ಅಲ್ಲಿಲ್ಲ. ಇರುವುದಾದರೂ ಹೇಗೆ? ಕಲ್ಲು ಬರೆಸುವವನು ಜಮಾ ಬದಿಯನ್ನು ಮಾತ್ರ ಬರೆಸುತ್ತಾನೆ.

ಅಲ್ಲಿಯೂ ನಮ್ಮ ಸಭೆಯಂತೆಯೇ ಎರಡು ಪಂಗಡಗಳಾದವು. ಬಹುಕಾಲ ಒಂದು ಪಂಗಡ ಅವನ ಗುಲಾಮರ ಸುದ್ದಿಯನ್ನೇ ಎತ್ತಲಿಲ್ಲ. ಈಚೆಗೆ ಇನ್ನೊಂದು ಪಂಗಡಕ್ಕೆ ಅವನ ಮೂರ್ತಿಯೇ ಸಹಿಸದಾಗಿ, 2021ರಲ್ಲಿ ನ್ಯೂಯಾರ್ಕ್ ನಗರಸಭೆಯ ಸಭಾಂಗಣದಿಂದ ಅದನ್ನು ತೆಗೆಸಿತು. ಇವೆರಡಕ್ಕಿಂತ ಉತ್ತಮವಾದ ಮಾರ್ಗವನ್ನು ಹಿಡಿದವರು, ಅವನ ಮಾತಿನಿಂದ ವಂಚಿತರಾದವರೇ. 1791ರಲ್ಲಿ ಬೆಂಜಮಿನ್ ಬ್ಯಾನೆಕರ್ ಎಂಬ ಕಪ್ಪು ಜನಾಂಗದ ಗಣಿತಜ್ಞನು ಜೆಫರ್ಸನ್ನನಿಗೆ ಪತ್ರ ಬರೆದು, ನಿನ್ನ ಘೋಷಣೆಯ ಮಾತಿಗೂ ನಿನ್ನ ನಡತೆಗೂ ಹೊಂದಿಕೆಯೆಲ್ಲಿ ಎಂದು ನೇರವಾಗಿ ಕೇಳಿದನು. 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಆ ಘೋಷಣೆಯನ್ನು ಒಂದು ಪ್ರಾಮಿಸರಿ ನೋಟಿಗೆ ಹೋಲಿಸಿ, ದೇಶವು ನಮ್ಮ ಪಾಲಿನ ಹಣವನ್ನು ಇನ್ನೂ ಪಾವತಿ ಮಾಡಿಲ್ಲವೆಂದನು. ವ್ಯಾಪಾರಸ್ಥರಿಗೆ ಇದಕ್ಕಿಂತ ಸ್ಪಷ್ಟವಾದ ಭಾಷೆ ಬೇಕೆ? ನೋಟು ಬರೆದುಕೊಟ್ಟವನು ಪ್ರಾಮಾಣಿಕನಲ್ಲವೆಂದು ನೋಟನ್ನು ಹರಿದರೆ ನಷ್ಟ ಸಾಲ ಕೊಟ್ಟವನಿಗೆ. ಬರೆದವನು ದೊಡ್ಡ ಮನುಷ್ಯನೆಂದು ಹಣ ಕೇಳದೆ ಬಿಟ್ಟರೂ ನಷ್ಟ ಅವನಿಗೇ. ನೋಟನ್ನು ಜೋಪಾನವಾಗಿಟ್ಟುಕೊಂಡು ಹಣವನ್ನು ವಸೂಲು ಮಾಡಬೇಕು.

ಬಾಹುಬಲಿಯ ಮೂರ್ತಿಯೂ ಅಂತಹ ಒಂದು ನೋಟು. ಗೆದ್ದ ರಾಜ್ಯವನ್ನು ಅಣ್ಣನಿಗೆ ಬಿಟ್ಟುಕೊಟ್ಟು, ಗೆಲುವೇ ನಾಚಿಕೆಗೇಡೆಂದು ತಪಸ್ಸಿಗೆ ನಿಂತವನನ್ನು, ಗೆಲುವುಗಳನ್ನು ಬಿರುದಾಗಿ ಧರಿಸಿದ್ದ ದಂಡನಾಯಕನೊಬ್ಬ ಕಲ್ಲಿನಲ್ಲಿ ನಿಲ್ಲಿಸಿದನು. ತನ್ನನ್ನು ಖಂಡಿಸುವ ಆದರ್ಶವನ್ನು ತಾನೇ ಎತ್ತರದಲ್ಲಿಟ್ಟನು. ಬಿರುದುಗಳನ್ನು ಅಳಿಸಿದರೆ ಈ ಅರ್ಥವೇ ಅಳಿದುಹೋಗುತ್ತದೆ. ಉಳಿಯುವುದು ಹಣವಂತನೊಬ್ಬ ಮಾಡಿಸಿದ ದೊಡ್ಡ ವಿಗ್ರಹ ಮಾತ್ರ. ಚಾವುಂಡರಾಯನ ಕೈಗೆ ರಕ್ತ ಅಂಟಿತ್ತೆಂದು ಅರಿತ ಮಗುವಿಗೆ ಮಾತ್ರ ಅವನು ಬಾಹುಬಲಿಯ ಪಾದದ ಬಳಿ ಏಕೆ ನಿಂತನೆಂಬುದು ತಿಳಿದೀತು. ಆ ತರುಣನಿಗೆ ನಾನು ಅಂದೇ ಕೊಡಬೇಕಾಗಿದ್ದ ಉತ್ತರವೂ ಇದೇ.

ಇಲ್ಲಿಗೆ ನಿಲ್ಲಿಸಿದರೆ ನನ್ನ ಮಾತು ಸಾವಿರ ವರ್ಷದ ಹಿಂದಿನವನ ಮೇಲೆಯೂ ಏಳು ಸಮುದ್ರದಾಚೆಯವನ ಮೇಲೆಯೂ ತೀರ್ಪು ಹೇಳಿದಂತಾಗಿ, ನಮ್ಮ ಮನೆಯ ಬಾಗಿಲಿಗೆ ಬರುವುದೇ ಇಲ್ಲ. ಆದಕಾರಣ ನನ್ನ ಮನೆಯ ಪುಸ್ತಕವನ್ನೇ ತೆರೆಯುತ್ತೇನೆ.

ನನ್ನ ತಂದೆಯವರ ಕಾಲದ ಖಾತೆ ಪುಸ್ತಕಗಳು ನಮ್ಮ ಅಂಗಡಿಯ ಮಾಳಿಗೆಯಲ್ಲಿವೆ. ಕಾಫಿ, ಮೆಣಸು, ಏಲಕ್ಕಿಯ ವ್ಯಾಪಾರದ ಜೊತೆಗೆ ನಮಗೊಂದು ಸಣ್ಣ ತೋಟವೂ ಇತ್ತು. 1962ರ ಪುಸ್ತಕದ ಒಂದು ಪುಟದಲ್ಲಿ ಘಟ್ಟದ ಕೆಳಗಿನಿಂದ ಬಂದ ಆಳೊಬ್ಬನ ಮುಂಗಡದ ಬಾಕಿ ಇದೆ. ಅವನು ಸತ್ತನೆಂದು ಒಂದು ಸಾಲು. ಅದರ ಕೆಳಗೆ ಅದೇ ಮೊತ್ತವನ್ನು ಅವನ ಮಗನ ಹೆಸರಿಗೆ ಎತ್ತಿ ಬರೆದಿದೆ. ಮಗನ ಹೆಸರಿನ ಮುಂದೆ 'ಹುಡುಗ' ಎಂದಿದೆ, ಕೂಲಿ ಅರ್ಧ. ಪುಟದ ತಲೆಯ ಮೇಲೆ ತಂದೆಯವರ ದುಂಡಾದ ಅಕ್ಷರದಲ್ಲಿ 'ಶ್ರೀ ಜಿನಾಯ ನಮಃ'. ಎರಡು ಪುಟ ಮುಂದೆ ಬಸದಿಯ ಜೀರ್ಣೋದ್ಧಾರಕ್ಕೆ ಕೊಟ್ಟ ದೇಣಿಗೆಯ ಲೆಕ್ಕ. ದೇಣಿಗೆಯ ಮೊತ್ತ ಆ ಬಾಕಿಯ ಹಲವು ಪಟ್ಟು. ನನ್ನ ತಂದೆಯವರು ರಾತ್ರಿಭೋಜನ ಮಾಡಿದವರಲ್ಲ, ಸೋಸದ ನೀರು ಕುಡಿದವರಲ್ಲ, ಇರುವೆಯ ಸಾಲು ಕಂಡರೆ ಸುತ್ತಿ ಹೋಗುತ್ತಿದ್ದವರು. ಅವರನ್ನು ನಾನು ಇಂದಿಗೂ ಪೂಜ್ಯರೆಂದೇ ನೆನೆಯುತ್ತೇನೆ. ಆದರೂ ಆ ಪುಟ ಇದೆ.

ಅದು ಆ ಕಾಲದ ಪದ್ಧತಿ, ಎಲ್ಲರೂ ಹಾಗೆಯೇ ಮಾಡುತ್ತಿದ್ದರು ಎಂಬ ಸಮಾಧಾನವನ್ನು ನಾನು ಒಪ್ಪುವುದಿಲ್ಲ. ಜೆಫರ್ಸನ್ನನ ಪರವಾಗಿ ಹೇಳುವುದೂ ಇದನ್ನೇ. ನಮಗಂತೂ ಆ ನೆಪವೂ ಇಲ್ಲ. ಅಹಿಂಸಾಣುವ್ರತದ ಐದು ಅತಿಚಾರಗಳನ್ನು ನಾವು ಬಾಲ್ಯದಲ್ಲಿಯೇ ಬಾಯಿಪಾಠ ಮಾಡಿದವರು: ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿದ ಹೊರೆ ಹೊರಿಸುವುದು, ಅನ್ನಪಾನವನ್ನು ತಡೆಯುವುದು. ಇವು ಎತ್ತುಗಳಿಗೆ ಮಾತ್ರ ಅನ್ವಯಿಸುತ್ತವೆಯೆ? ತಂದೆಯ ಸಾಲದಿಂದ ಮಗನನ್ನು ತೋಟಕ್ಕೆ ಕಟ್ಟಿದರೆ ಅದು ಬಂಧವಲ್ಲವೆ? ಹುಡುಗನ ತಲೆಯ ಮೇಲೆ ಆಳಿನ ಮೂಟೆ ಇಟ್ಟರೆ ಅದು ಅತಿಭಾರಾರೋಪಣವಲ್ಲವೆ? ಇನ್ನೂ ಒಂದು ಕಹಿ ಸತ್ಯವನ್ನು ಹೇಳಬೇಕು. ಪರಿಗ್ರಹಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ ನಮ್ಮ ಸೂತ್ರಗ್ರಂಥವು ಹೊಲಮನೆ, ಬೆಳ್ಳಿಬಂಗಾರ, ಧನಧಾನ್ಯಗಳ ಸಾಲಿನಲ್ಲಿಯೇ ದಾಸೀದಾಸರನ್ನೂ ಎಣಿಸುತ್ತದೆ. ಮಿತಿಯನ್ನು ಮೀರಬಾರದೆಂದಿತೇ ವಿನಾ ಮನುಷ್ಯನನ್ನು ಪರಿಗ್ರಹದ ಪಟ್ಟಿಯಿಂದ ತೆಗೆಯಲಿಲ್ಲ. ಅದು ಆ ಕಾಲದ ಗೃಹಸ್ಥರ ಮನೆಯಲ್ಲಿದ್ದುದರ ಎಣಿಕೆ. ಎಲ್ಲ ಜೀವಗಳಲ್ಲಿಯೂ ಸಮಾನವಾದ ಆತ್ಮವನ್ನು ಕಾಣುವ ಧರ್ಮವು ಆ ಪಟ್ಟಿಯನ್ನು ತಾನೇ ಪ್ರಶ್ನಿಸಬೇಕಾಗಿದೆ. ನಮ್ಮ ಘೋಷಣೆಯೂ ಪಾವತಿಯಾಗದ ನೋಟೇ.

ಕಾಫಿಯ ನಾಡಿನವರಾದ ನಮಗೆ ಇದು ಬಹು ಹತ್ತಿರದ ಮಾತು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಜಗತ್ತಿನ ಸುಮಾರು ಅರ್ಧದಷ್ಟು ಕಾಫಿಯನ್ನು ಬೆಳೆದವರು ಈಗ ಹೈಟಿಯೆನಿಸಿಕೊಂಡ ದ್ವೀಪಭಾಗದ ಗುಲಾಮರು. 1791ರಲ್ಲಿ ದಂಗೆಯೆದ್ದು, 1804ರಲ್ಲಿ ಅವರು ಸ್ವತಂತ್ರರಾದಾಗ ಅವರೊಡನೆ ವ್ಯಾಪಾರವನ್ನು ನಿಷೇಧಿಸುವ ಕಾನೂನಿಗೆ 1806ರಲ್ಲಿ ಸಹಿ ಹಾಕಿದವನು ಅದೇ ಜೆಫರ್ಸನ್. ನಮ್ಮ ಬೆಟ್ಟಗಳಿಗೆ ಈ ಬೆಳೆ ಬಾಬಾಬುಡನ್ನರ ಜೋಳಿಗೆಯಲ್ಲಿ ಬಂದಿತೆಂದು ಐತಿಹ್ಯ. ತೋಟಗಳು ಹಬ್ಬಿದ್ದು ಮಾತ್ರ ಮುಂಗಡ ಕೊಟ್ಟು ಕರೆತಂದ ಆಳುಗಳ ಬೆನ್ನ ಮೇಲೆ. ತೋಟದ ಕಾರ್ಮಿಕರಿಗಾಗಿ 1951ರಲ್ಲಿ ಕಾಯಿದೆ ಬಂತು, ಜೀತಪದ್ಧತಿಯನ್ನು ರದ್ದುಮಾಡುವ ಕಾಯಿದೆ 1976ರಲ್ಲಿ ಬಂತು. ಈಗ ಘಟ್ಟದ ಕೆಳಗಿನವರ ಬದಲಿಗೆ ಅಸ್ಸಾಮಿನ ಕಡೆಯವರು ಲೈನ್ ಮನೆಗಳಲ್ಲಿದ್ದಾರೆ. ಅವರ ಭಾಷೆ ನಮಗೆ ಬಾರದು, ನಮ್ಮ ಲೆಕ್ಕ ಅವರಿಗೆ ತಿಳಿಯದು. ಎಚ್ಚರ ಇಂದು ಮೊದಲಿಗಿಂತ ಹೆಚ್ಚು ಬೇಕು.

ಸಮಾಜಬಾಂಧವರಲ್ಲಿಯೂ ಧರ್ಮದರ್ಶಿಗಳಲ್ಲಿಯೂ ನನ್ನ ಬೇಡಿಕೆ ಮೂರು. ಮೊದಲನೆಯದು, ಆ ಕಿರುಹೊತ್ತಗೆಯ ಮುಂದಿನ ಮುದ್ರಣದಲ್ಲಿ ಚಾವುಂಡರಾಯನ ಬಿರುದುಗಳನ್ನು ಒಂದೂ ಬಿಡದೆ, ಅವು ಬಂದ ಕಾರಣದೊಡನೆ ಅಚ್ಚು ಹಾಕಿಸಿ. ಅದರ ವೆಚ್ಚವನ್ನು ನಾನು ಕೊಡುತ್ತೇನೆ, ನನ್ನ ಹೆಸರನ್ನು ಹಾಕುವುದು ಬೇಡ. ಎರಡನೆಯದು, ದೊಡ್ಡ ದೇಣಿಗೆಯನ್ನು ಸ್ವೀಕರಿಸುವ ಮುನ್ನ, ನಿಮ್ಮ ತೋಟದಲ್ಲಿ, ಅಂಗಡಿಯಲ್ಲಿ, ಮನೆಯಲ್ಲಿ ದುಡಿದವರ ಕೂಲಿ ಬಾಕಿಯಿಲ್ಲವಷ್ಟೆ ಎಂದು ದಾನಿಯನ್ನು ಕೇಳುವ ಪದ್ಧತಿಯನ್ನಿಡಿ. ಪಂಡಿತ ಆಶಾಧರರು ಶ್ರಾವಕನ ಲಕ್ಷಣಗಳಲ್ಲಿ ನ್ಯಾಯದಿಂದ ಗಳಿಸಿದ ಧನವನ್ನು ಮೊದಲಿಗೇ ಹೇಳಿದ್ದಾರೆ. ಪೂಜೆಯ ಮಾತು ಅದರ ಅನಂತರ ಬರುತ್ತದೆ. ಹೀಗೆ ಕೇಳಿದರೆ ದೇಣಿಗೆ ನಿಂತುಹೋಗುತ್ತದೆ ಎನ್ನುವವರಿಗೆ ನನ್ನ ಉತ್ತರ: ಈ ಪ್ರಶ್ನೆಗೆ ಹೆದರಿ ಓಡುವ ದೇಣಿಗೆಯು ಬಸದಿಗೆ ಬಾರದಿರುವುದೇ ಲೇಸು. ಮೂರನೆಯದು, ಲೈನ್ ಮನೆಗಳ ಮಕ್ಕಳ ಓದಿಗೆ ಪ್ರತಿಯೊಂದು ಟ್ರಸ್ಟೂ ತನ್ನ ವಾರ್ಷಿಕ ಆದಾಯದಲ್ಲಿ ಒಂದು ಪಾಲನ್ನು ತೆಗೆದಿಡಲಿ. ಆ ಮಕ್ಕಳ ಜಾತಿ ಮತವನ್ನು ಕೇಳದಿರಲಿ.

1962ರ ಆ ಪುಟದಲ್ಲಿದ್ದ ಹುಡುಗನ ಮನೆಯವರನ್ನು ನಾನು ವಿಚಾರಿಸಿದೆ. ಅವರು ಯಾವಾಗಲೋ ಊರು ಬಿಟ್ಟರಂತೆ. ಎಲ್ಲಿಗೆ ಹೋದರೆಂದು ಹೇಳುವವರು ಸಿಗಲಿಲ್ಲ. ಬಾಕಿಯನ್ನು ಬಡ್ಡಿಸಹಿತ ಲೆಕ್ಕ ಹಾಕಿ, ಈ ಸಲ ನಮ್ಮ ಕಡೆಗೆ ತಿರುಗಿಸಿ ಬರೆದಿದ್ದೇನೆ: ನಾವು ಕೊಡಬೇಕಾದದ್ದು ಎಂದು. ಆ ಹಣ ಲೈನ್ ಮನೆಯ ಮಕ್ಕಳ ಓದಿಗೆ ಹೋಗುತ್ತಿದೆ. ಹಾಗೆಂದು ಖಾತೆ ಚುಕ್ತವಾಯಿತೆಂದು ನಾನು ಬರೆದಿಲ್ಲ. ಕೊಡಬೇಕಾದವನಿಗೆ ಕೊಡದೆ ಬೇರೆಯವರಿಗೆ ಕೊಟ್ಟರೆ ಚುಕ್ತವಾಗುವುದಿಲ್ಲವೆಂಬುದು ವ್ಯಾಪಾರದ ಮೊದಲ ಪಾಠ. ಪುಟವನ್ನು ಹರಿದುಬಿಡೋಣವೆ ಎಂದು ನನ್ನ ಮಗ ಕೇಳಿದನು. ಬೇಡವೆಂದೆ. ನನ್ನ ನಂತರ ಪುಸ್ತಕ ಅವನ ಕೈಗೆ ಹೋಗುತ್ತದೆ. ಆ ಪುಟವೂ ಹೋಗಲಿ, ಎರಡು ಪುಟ ಮುಂದಿರುವ ದೇಣಿಗೆಯ ಲೆಕ್ಕವೂ ಹೋಗಲಿ.